ಕೆಂಡವ್ವ ಬೆಂಕಿ ಹಚ್ಚದ ದಿನ

ಒನ್ ಟೌನ್, ವಿಜಯವಾಡ
12 ಜನವರಿ 2025

ಚಿ. ಮೇಧಾಗೆ ಲಿಂಗರಾಜ ಮಾಮನ ಆಶೀರ್ವಾದ.

ಅಂಚೆಯವನು ಕವರ್ ಕೊಟ್ಟ ಅಂತ ಗಾಬರಿಯಾಗಬೇಡ. ರಾಣೆಬೆನ್ನೂರಿನಲ್ಲಿ ನಿನ್ನ ಅಮ್ಮ, ಅಂದರೆ ನಮ್ಮ ಅಕ್ಕ, ಗಟ್ಟಿಮುಟ್ಟಾಗಿದ್ದಾಳೆ. ನನ್ನ ಹೆಂಡತಿ, ಅಂದರೆ ನಿನ್ನ ಅತ್ತೆಯೂ, ಅಲ್ಲೇ ಆರಾಮಾಗಿದ್ದಾಳೆ. ಆರಾಮಿಲ್ಲದವನು ನಾನೊಬ್ಬನೇ.

ಕೈಯಲ್ಲಿ ಫೋನ್ ಇಟ್ಟುಕೊಂಡು ಮಾಮನಿಗೆ ಅಂಚೆಯ ಚಪಲ ಯಾಕೆ ಅಂತ ಕೇಳುತ್ತೀಯ. ಹೋದ ವಾರ ಬ್ಯಾಂಕಿನಲ್ಲಿ ಊಟದ ಹೊತ್ತಿಗೆ, ಆಫೀಸಿನ ಕಂಪ್ಯೂಟರಿನಲ್ಲಿ, "ದಪ್ಪ ಗೋಡೆ ಉಡಾಯಿಸಲು ಎಷ್ಟು ಮದ್ದು ಬೇಕು" ಅಂತ ಹುಡುಕಿದೆ. ಮರುದಿನವೇ ಮೇಲಿನ ಕಚೇರಿಯಿಂದ ಮೆಮೊ ಬಂತು. ನಮ್ಮ ಶಾಖೆಯಲ್ಲಿ ಒಂದು ಸ್ಟ್ರಾಂಗ್ ರೂಮ್ ಇದೆ, ಅದಕ್ಕೂ ದಪ್ಪ ಗೋಡೆ ಇದೆ, ಅದರ ಒಂದು ಕೀಲಿ ನನ್ನ ಸೊಂಟದಲ್ಲೇ ನೇತಾಡುತ್ತದೆ ಅನ್ನುವುದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ನಮ್ಮ ಮ್ಯಾನೇಜರ್ ರಾಮ್‌ಪ್ರಸಾದ್ ಒಳಗೆ ಕರೆದು, "ಏಮಂಡೀ ಲಿಂಗರಾಜು ಗಾರೂ, ರಿಟೈರ್ಮೆಂಟಿಗೆ ಇನ್ನು ನಾಲ್ಕೇ ವರ್ಷ ಉಂದಿ ಕದಾ, ತಡ್ಕೊಳ್ಳೋಕೆ ಆಗೋದಿಲ್ವಾ?" ಅಂತ ತನಗೆ ಬರುವಷ್ಟು ಕನ್ನಡ ಸೇರಿಸಿ ಕೇಳಿದರು. ಕಾದಂಬರಿ ಬರೆಯುತ್ತಿದ್ದೇನೆ ಅಂದೆ. ಅವರಿಗೆ ಅದೇ ಇನ್ನೂ ದೊಡ್ಡ ತಪ್ಪಾಗಿ ಕಂಡಿತು.

ಆಮೇಲೆ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಅಕ್ಕ ಫೋನ್ ಮಾಡಿ, "ಏನೋ ಲಿಂಗ್ಯಾ, ತಲಿಗಿಲಿ ಕೆಟ್ಟೈತೇನೋ? ಮನಿ ಹೆಸರು ಪೇಪರಿನ್ಯಾಗ ಬರಸ್ತಿ ಏನು?" ಅಂತ ಬೈದಳು. ಅವತ್ತಿನಿಂದ ಮದ್ದುಗುಂಡಿನ ಮಾತೆಲ್ಲ ಕಾಗದದ ಮೇಲೆ ಮಾತ್ರ ಅಂತ ಆಣೆ ಮಾಡಿದ್ದೇನೆ.

ಕಾದಂಬರಿಯ ಹೆಸರು ಕರಿಗಲ್ಲಗಡ. ಯಾವ ನಕಾಶೆಯಲ್ಲೂ ಇಲ್ಲದ ರಾಜ್ಯ. ರಾಜ, ಕುದುರೆ, ಕತ್ತಿ, ಕೋಟೆ ಎಲ್ಲ ಇವೆ. ಮಂತ್ರ ಮಾಟ ಇಲ್ಲ, ಬಂದೂಕೂ ಇಲ್ಲ. ಧಾರವಾಡದ ಪ್ರಕಾಶಕರೊಬ್ಬರು ಮೊದಲ ಅರ್ಧ ಓದಿ, "ಜನ ಚಲೋ ಅದಾರ, ಯುದ್ಧ ನಂಬೂಹಂಗಿಲ್ಲ" ಅಂತ ಬರೆದಿದ್ದಾರೆ. ಉಗಾದಿಯೊಳಗೆ ತಿದ್ದಿ ಕೊಟ್ಟರೆ ಅಚ್ಚು ಹಾಕುತ್ತಾರಂತೆ. ಈಗಿರುವ ಪ್ರತಿಯಲ್ಲಿ ಒಬ್ಬ ಸೈನಿಕ ತೆಂಗಿನಕಾಯಿ ಗಾತ್ರದ ಚೀಲ ಎಸೆಯುತ್ತಾನೆ, ಹನ್ನೆರಡು ಮೊಳ ದಪ್ಪದ ಗೋಡೆ ಬಿದ್ದುಹೋಗುತ್ತದೆ. ನೀನು ಬಣ್ಣದ ಕಾರ್ಖಾನೆಯ ಸೇಫ್ಟಿ ಆಫೀಸರ್. ನಮ್ಮ ವಂಶದಲ್ಲಿ ಬೆಂಕಿಯನ್ನು ಓದಿ ಪಾಸಾದವಳು ನೀನೊಬ್ಬಳೇ. ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ, ನೋಡಿ ಹೇಳು.

ನಿನ್ನ ಮಾಮ,
ಲಿಂಗರಾಜ


ಗಾಜುವಾಕ, ವಿಶಾಖಪಟ್ಟಣ
20 ಜನವರಿ 2025

ಮಾಮಾ, ನಮಸ್ಕಾರ.

ಆ ತೆಂಗಿನಕಾಯಿಯನ್ನು ಮೊದಲು ದೇವರಿಗೆ ಒಡೆದುಬಿಡಿ. ಗೋಡೆ ಬೀಳುವುದಿಲ್ಲ.

ಆ ಕಾಲದ ಕರಿಮದ್ದು ಬಯಲಿನಲ್ಲಿ ಹತ್ತಿಕೊಂಡರೆ ಬುಸ್ ಅಂತ ಉರಿದು ಹೋಗುತ್ತದೆ. ಒಂದಿಷ್ಟು ಸದ್ದು, ಒಂದಿಷ್ಟು ಹೊಗೆ, ಅಷ್ಟೇ. ಅದರಿಂದ ಮೊದಮೊದಲು ಆಗುತ್ತಿದ್ದ ದೊಡ್ಡ ಲಾಭವೆಂದರೆ ಕುದುರೆಗಳು ಬೆದರುವುದು. ನಿಮ್ಮ ಶತ್ರುವಿಗೆ ಗೋಡೆ ಬೀಳಿಸಲೇಬೇಕಿದ್ದರೆ ಅವನು ಗುದ್ದಲಿ ಹಿಡಿಯಬೇಕು. ಗೋಡೆಯ ಬುಡಕ್ಕೆ ಸುರಂಗ ತೋಡಿ, ಮೇಲಿನ ಭಾರಕ್ಕೆ ಮರದ ಕಂಬ ಕೊಟ್ಟು, ಕೊನೆಗೆ ಕಂಬಗಳಿಗೆ ಬೆಂಕಿ ಇಡುವುದು. ಕಂಬ ಸುಟ್ಟರೆ ಗೋಡೆ ತಾನೇ ಕೂರುತ್ತದೆ. ವಾರಗಟ್ಟಲೆ ಹಿಡಿಯುವ ಕೆಲಸ. ಒಳಗಿನವರು ನೆಲದ ಮೇಲೆ ನೀರಿನ ಬಟ್ಟಲಿಟ್ಟು ನೀರು ನಡುಗುತ್ತದೆಯೇ ಅಂತ ನೋಡುತ್ತ ಕೂರುತ್ತಾರೆ. ನಿಮಗೆ ಬೇಕಾದ ಭಯ ಅಲ್ಲಿದೆ.

ಒಳಗಿನವರ ಕೈಯಲ್ಲಿ ಎಣ್ಣೆ, ರಾಳ ತುಂಬಿದ ಮಡಕೆಗಳಿರಲಿ. ಆ ಬೆಂಕಿಯ ಮೇಲೆ ನೀರು ಸುರಿದರೆ ಅದು ನೀರಿನ ಬೆನ್ನೇರಿ ಊರೆಲ್ಲ ತಿರುಗುತ್ತದೆ. ಮರಳು, ಹಸಿ ಚರ್ಮ ಬೇಕು. ನಿಮ್ಮ ಸೈನಿಕರು ಐದನೇ ಅಧ್ಯಾಯದಲ್ಲಿ ಕೊಡ ಹಿಡಿದು ಓಡುತ್ತಾರಲ್ಲ, ಅವರೆಲ್ಲ ಸತ್ತರು ಅಂತ ತಿಳಿಯಿರಿ. ಅಳತೆ, ಪಾಕ ಯಾವುದನ್ನೂ ನಾನು ಬರೆಯುವುದಿಲ್ಲ, ಕೇಳಲೂ ಬೇಡಿ. ಓದುಗನಿಗೆ ವಾಸನೆ ಸಿಕ್ಕರೆ ಸಾಕು.

ಇನ್ನೊಂದು ಮಾತು. ಇಷ್ಟೆಲ್ಲ ಎಣ್ಣೆ, ಮದ್ದು ತುಂಬಿದ ಉಗ್ರಾಣಕ್ಕೆ ನಿಮ್ಮ ಕಾದಂಬರಿಯಲ್ಲಿ ಯಾರೂ ದಿಕ್ಕಿಲ್ಲ. ಪಂಜು ಹಿಡಿದವರೆಲ್ಲ ನುಗ್ಗುತ್ತಾರೆ. ಶತ್ರು ಬರುವ ಮೊದಲೇ ಕೋಟೆ ಬೂದಿಯಾಗಿರುತ್ತದೆ. ನಮ್ಮಲ್ಲಿ ಒಬ್ಬ ವೆಲ್ಡರ್ ಕಿಡಿ ಹಾರಿಸಬೇಕಾದರೂ ಹಾಟ್ ವರ್ಕ್ ಪರ್ಮಿಟ್ ಬೇಕು. ನಾನು ಜಾಗಕ್ಕೆ ಹೋಗಿ, ನೋಡಿ, ಮೂಸಿ, ಸಹಿ ಹಾಕಿದ ಮೇಲೆಯೇ ಬೆಂಕಿ. ಇವತ್ತು ಅಂಥವು ಹನ್ನೊಂದಿವೆ, ಓಡುತ್ತೇನೆ.

ಮೇಧಾ


ಒನ್ ಟೌನ್, ವಿಜಯವಾಡ
2 ಫೆಬ್ರವರಿ 2025

ಚಿ. ಮೇಧಾ,

ಉಗ್ರಾಣಕ್ಕೆ ದಿಕ್ಕು ಸಿಕ್ಕಿದೆ. ಹೆಸರು ಕೆಂಡವ್ವ. ಅರವತ್ತು ದಾಟಿದ ಹೆಂಗಸು, ಹುಬ್ಬು ಸುಟ್ಟಿದೆ, ಬಾಯಿ ಸುಟ್ಟಿಲ್ಲ. ಅವಳು ಮೂಸಿ ನೋಡಿ, ತಾಳೆಗರಿಯ ಮೇಲೆ ಗುರುತು ಹಾಕಿಕೊಡದೆ ರಾಜನೂ ಒಳಗೆ ದೀಪ ಒಯ್ಯುವ ಹಾಗಿಲ್ಲ. ಬರೆಯುವಾಗ ನನಗೇ ಅವಳ ಹೆದರಿಕೆ ಹತ್ತಿದೆ.

ಈಗ ಒಂದು ಪ್ರಯೋಗದ ವರದಿ. ಕೋಟೆಯೊಳಗಿನವರು ಒಣಮೆಣಸಿನಕಾಯಿ ಸುಟ್ಟು ಹೊಗೆಯಿಂದ ಶತ್ರುವನ್ನು ಓಡಿಸಿದರೆ ಹೇಗೆ ಅನ್ನಿಸಿತು. ಹಾವೇರಿ ಜಿಲ್ಲೆಯ ಮನುಷ್ಯ, ನನ್ನ ಹತ್ತಿರ ಮೆಣಸಿನಕಾಯಿಗೆ ಬರವೇ? ನಿನ್ನ ಅತ್ತೆ ಕಟ್ಟಿಕೊಟ್ಟ ಬ್ಯಾಡಗಿ ಕಾಯಿ ಎರಡು ಹಿಡಿ ತೆಗೆದು, ಭಾನುವಾರ ಬೆಳಿಗ್ಗೆ ಬಾಗಿಲು ಮುಚ್ಚಿ, ಕಾದ ಹಂಚಿನ ಮೇಲೆ ಹಾಕಿದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಯುದ್ಧಕ್ಕೆ ಸಿದ್ಧನಾಗಿ ನಿಂತೆ. ಎರಡು ಸಲ ಕೆಮ್ಮು ಬಂತು, ಅಷ್ಟೇ. ಕೆಳಗಿನಿಂದ ಮನೆ ಓನರ್ ಮಾಧವೀಲತಾ ಗಾರು ಮೇಲೆ ಬಂದು, "ಘುಮಘುಮಲಾಡುತೋಂದಿ ಲಿಂಗರಾಜು ಗಾರೂ, ಏಂ ಪುಲುಸು?" ಅಂತ ಕೇಳಿದರು. ಏನು ಸಾರು, ಇಷ್ಟು ಚೆಂದದ ವಾಸನೆ, ಅಂತ! ನನ್ನ ಸೈನ್ಯದ ಮಾನ ಹೋಯಿತು. ಬ್ಯಾಡಗಿ ಕಾಯಿಯ ಬಣ್ಣ ನೋಡಿ ಯುದ್ಧ ಗೆಲ್ಲಬಹುದು ಅಂದುಕೊಂಡವನು ನಾನೊಬ್ಬನೇ ಇರಬೇಕು.

ಹಟ ಹತ್ತಿತು. ನಮ್ಮ ಬೀದಿಯ ಸಗಟು ಅಂಗಡಿಯಲ್ಲಿ ಗುಂಟೂರಿನ ಕಾಯಿ ಒಂದು ಹಿಡಿ ಕೇಳಿದೆ. ಆತ "ಹಿಡಿ ಯಾಕ್ರೀ, ಮೂಟೆ ಒಯ್ಯಿರಿ" ಅಂತ ನಕ್ಕು ಸುಮ್ಮನೇ ಕೊಟ್ಟ. ಅದೇ ಹಂಚು, ಅದೇ ಉರಿ. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಕಣ್ಣು ತೆರೆದಾಗ ನಾನು ಬೀದಿಯಲ್ಲಿದ್ದೆ. ನನ್ನ ಜೊತೆಗೆ ಮೂರೂ ಅಂತಸ್ತಿನ ಜನ, ಮಾಧವೀಲತಾ ಗಾರು, ಅವರ ಅತ್ತೆ, ಪಕ್ಕದ ಅಂಗಡಿಯ ಹಮಾಲರು, ಒಂದು ನಾಯಿ, ಎಲ್ಲರೂ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದೆವು. ಮೆಣಸಿನ ಮೂಟೆ ಹೊತ್ತೇ ಬದುಕಿದ ಹಮಾಲನೊಬ್ಬ ನನ್ನ ಕಾಲಿಗೆ ಬೀಳುವುದೊಂದು ಬಾಕಿ.

ಕರಿಗಲ್ಲಗಡದಲ್ಲಿ ಈಗ ಗುಂಟೂರಿನ ಕಾಯಿ ಬೆಳೆಯುತ್ತಾರೆ. ಹೆಸರು ಮಾತ್ರ ಬೇರೆ ಇಟ್ಟಿದ್ದೇನೆ. ಅತ್ತೆಗೆ ಹೇಳಬೇಡ.

ಲಿಂಗರಾಜ ಮಾಮ


ಗಾಜುವಾಕ
9 ಫೆಬ್ರವರಿ 2025

ಮಾಮಾ,

ನಿಮ್ಮ ಪತ್ರ ಓದಿ ಎಷ್ಟು ನಕ್ಕೆ ಅಂದರೆ ರೂಮ್‌ಮೇಟ್ ಲಕ್ಷ್ಮೀಪ್ರಸನ್ನ ಬಂದು ಹಣೆ ಮುಟ್ಟಿ ನೋಡಿದಳು. ಅವಳಿಗೆ ತೆಲುಗಿನಲ್ಲಿ ಹೇಳಿದೆ, ಅವಳೂ ಹೊಟ್ಟೆ ಹಿಡಿದುಕೊಂಡಳು. ನಾನು ನಕ್ಕು ನಾಲ್ಕೈದು ದಿನವಾಗಿತ್ತಂತೆ, ಅವಳು ಹೇಳಿದ್ದು.

ಆದರೆ ಮಾಮಾ, ನಿಮ್ಮ ಪ್ರಯೋಗದಲ್ಲಿ ಮೊದಲು ಓಡಿದವರು ಯಾರು? ನೀವೇ. ಹೊಗೆಗೆ ಉಪ್ಪುಂಡ ಮನೆಯ ಋಣ ಇರುವುದಿಲ್ಲ, ಗಾಳಿ ಹೇಳಿದ ಕಡೆ ಹೋಗುತ್ತದೆ. ಗಾಳಿ ತಿರುಗಿದರೆ ಕರಿಗಲ್ಲಗಡದ ರಾಜನೇ ಬಾಗಿಲು ತೆಗೆದು ಶತ್ರುವಿನ ತೋಳಿಗೆ ಬೀಳುತ್ತಾನೆ. ಹಾಗಾಗಿ ಕೆಂಡವ್ವನ ಉಗ್ರಾಣದ ಮೇಲೆ ಒಂದು ಬಟ್ಟೆಯ ಬಾವುಟ ಕಟ್ಟಿಸಿ. ಅವಳು ಬೆಳಿಗ್ಗೆ ಎದ್ದವಳೇ ದೇವರಿಗಿಂತ ಮೊದಲು ಅದನ್ನು ನೋಡಬೇಕು.

ಹನ್ನೊಂದನೇ ಅಧ್ಯಾಯದಲ್ಲಿ ಹಿಟ್ಟಿನ ಕಣಜ ಬರುತ್ತದಲ್ಲ, ಅಲ್ಲಿಯೂ ಎಚ್ಚರ. ಮೂಟೆಯಲ್ಲಿರುವ ಹಿಟ್ಟು ಸಾಧು. ಅದೇ ಹಿಟ್ಟು ಮುಚ್ಚಿದ ಕೋಣೆಯಲ್ಲಿ ದೂಳಾಗಿ ಎದ್ದಾಗ ದೀಪ ಬಂದರೆ ಕೋಣೆಯೇ ಹಾರಿಹೋಗುತ್ತದೆ. ಕೆಂಡವ್ವ ಮದ್ದಿಗಿಂತ ಕಣಜಕ್ಕೆ ಹೆಚ್ಚು ಹೆದರಲಿ. ಬೇರೆಯವರು ಅದಕ್ಕೆ ನಗಲಿ. ಹೀಗೆ ನಗುವವರು ಎಲ್ಲ ರಾಜ್ಯದಲ್ಲೂ ಇರುತ್ತಾರೆ.

ಇನ್ನೂ ಪ್ರಶ್ನೆಗಳಿದ್ದರೆ ಕಳಿಸಿ, ಎಷ್ಟಾದರೂ ಕಳಿಸಿ. ನಾನೀಗ ರಜೆಯಲ್ಲಿದ್ದೇನೆ. ತುಂಬ ರಜೆ ಉಳಿದಿತ್ತು, ತೆಗೆದುಕೊಂಡೆ. ಅಮ್ಮನಿಗೆ ಹೇಳಬೇಡಿ, ಊರಿಗೆ ಬಾ ಅಂತ ಪ್ರಾಣ ತಿನ್ನುತ್ತಾಳೆ. ಕವಣೆಯಲ್ಲಿ ಮಡಕೆ ಎಸೆಯುವ ವಿಷಯ ಬೇರೆ ಹಾಳೆಯಲ್ಲಿ ಚಿತ್ರ ಸಮೇತ ಬರೆದಿದ್ದೇನೆ, ಎಂಟು ಪುಟ ಆಗಿದೆ.

ಮೇಧಾ


ಒನ್ ಟೌನ್, ವಿಜಯವಾಡ
17 ಫೆಬ್ರವರಿ 2025

ಚಿ. ಮೇಧಾ,

ಎಂಟು ಪುಟ! ನನ್ನ ಕಾದಂಬರಿಯ ಹುಚ್ಚು ನಿನಗೂ ಹತ್ತಿತು ಅಂತ ಹಿರಿಹಿರಿ ಹಿಗ್ಗಿದೆ. ರಜೆ ಹಾಕಿ ಕೂತು ಬರೆಯುವಷ್ಟು ಅಂದರೆ ಸಣ್ಣ ಮಾತಲ್ಲ. ಪ್ರಕಾಶಕರ ಉಗಾದಿ ಗಡುವಿಗೆ ತಲೆ ಬಿಸಿ ಮಾಡಿಕೊಳ್ಳಬೇಡ, ಅವರಿಗೇನೂ ಅವಸರವಿಲ್ಲ. ನಾವು ನಮ್ಮ ಪಾಡಿಗೆ ಬರೆಯೋಣ.

ಉಗ್ರಾಣಕ್ಕೆ ನಾನೂ ಒಂದು ಭದ್ರತೆ ಕೊಟ್ಟಿದ್ದೇನೆ. ಬ್ಯಾಂಕಿನ ಪದ್ಧತಿ. ಬಾಗಿಲಿಗೆ ಎರಡು ಬೀಗ, ಎರಡು ಕೀಲಿ, ಇಬ್ಬರ ಕೈಯಲ್ಲಿ. ಒಬ್ಬರೇ ಬಂದರೆ ತೆರೆಯುವುದಿಲ್ಲ. ಒಂದು ಕೆಂಡವ್ವನ ಬಳಿ, ಇನ್ನೊಂದು ಸೇನಾಪತಿಯ ಬಳಿ. ಮೂವತ್ತು ವರ್ಷ ನಾನು ಹೀಗೇ ಬಾಗಿಲು ತೆರೆದಿದ್ದೇನೆ, ಒಂದು ದಿನವೂ ಏನೂ ಆಗಿಲ್ಲ.

ಈಗ ಮುಖ್ಯ ಸಂಗತಿ. ಕೊನೆಯ ಅಧ್ಯಾಯ ಹೊಳೆಯಿತು. ಶತ್ರುಗಳು ಕೋಟೆಯೊಳಗೆ ನುಗ್ಗಿ ಉಗ್ರಾಣ ತುಂಬುತ್ತಾರೆ. ಕೆಂಡವ್ವ ಒಳಗಿನಿಂದ ಚಿಲಕ ಹಾಕಿಕೊಂಡು, ತಾನೇ ಪಂಜು ಎತ್ತಿ, ನಗುತ್ತ, ಎಲ್ಲರೊಡನೆ ಸುಟ್ಟುಹೋಗುತ್ತಾಳೆ. ಬರೆಯುತ್ತ ನನಗೇ ಕಣ್ಣೀರು ಬಂತು. ಮಾಧವೀಲತಾ ಗಾರು ಕಂಡು, ಮತ್ತೆ ಮೆಣಸಿನಕಾಯಿ ಸುಟ್ಟೆನೇನೋ ಅಂತ ಬಾಗಿಲಲ್ಲೇ ನಿಂತರು.

ಲಿಂಗರಾಜ ಮಾಮ


ಗಾಜುವಾಕ
22 ಫೆಬ್ರವರಿ 2025

ಮಾಮಾ,

ನಿಮ್ಮ ಎರಡು ಕೀಲಿ ಓದಿ ಖುಷಿಯಾಯಿತು. ಶತ್ರು ಬಾಗಿಲಿಗೆ ಬಂದ ಹೊತ್ತಿಗೆ ಎರಡನೇ ಕೀಲಿಯವನು ಊಟಕ್ಕೆ ಹೋಗಿರುತ್ತಾನೆ, ಅದನ್ನೂ ಬರೆಯಿರಿ, ನಿಮ್ಮ ಬ್ಯಾಂಕಿನವರು ಮೆಚ್ಚುತ್ತಾರೆ.

ಆದರೆ ಕೆಂಡವ್ವನನ್ನು ಸುಡಬೇಡಿ. ದಯವಿಟ್ಟು. ಬೆಂಕಿಯ ಕೆಲಸದವಳು ಬೆಂಕಿಯಲ್ಲಿ ಸತ್ತರೆ ಅದು ಅವಳಿಗೆ ಶೌರ್ಯವಲ್ಲ, ಸೋಲು. ಹತ್ತು ಬೆರಳೂ ಉಳಿಸಿಕೊಂಡು ಮುದುಕಿಯಾಗಿ ಜಗಲಿಯ ಮೇಲೆ ಕೂತು ಮಂದಿಯನ್ನು ಬೈಯುವುದೇ ಅವಳ ಗೆಲುವು.

ನಾನೊಂದು ಬೇರೆ ಕೊನೆ ಹೇಳುತ್ತೇನೆ. ಯುದ್ಧದ ನಡುವೆ ಒಂದು ಬೆಳಿಗ್ಗೆ ಸೇನಾಪತಿ ಮಡಕೆಗಳಿಗೆ ಬೆಂಕಿ ಹಚ್ಚಲು ಹೇಳುತ್ತಾನೆ. ಸೈನಿಕರೆಲ್ಲ ಸಾಲಾಗಿ ನಿಂತಿದ್ದಾರೆ, ರಾಜ ನೋಡುತ್ತಿದ್ದಾನೆ. ಕೆಂಡವ್ವ ಬರುತ್ತಾಳೆ, ಗಾಳಿ ಮೂಸುತ್ತಾಳೆ, ಏನೋ ಸರಿಯಿಲ್ಲ ಅನ್ನಿಸುತ್ತದೆ. ಏನು ಅಂತ ಅವಳಿಗೇ ಗೊತ್ತಿಲ್ಲ. ಬಾವುಟ ಸರಿಯಾಗಿದೆ, ಮಡಕೆ ಸೋರುತ್ತಿಲ್ಲ. ಆದರೂ ಗುರುತು ಹಾಕಿಕೊಡುವುದಿಲ್ಲ ಅನ್ನುತ್ತಾಳೆ. ಎಲ್ಲರನ್ನೂ ಹೊರಗೆ ಕಳಿಸುತ್ತಾಳೆ. ಅವತ್ತಿನ ದಾಳಿ ತಪ್ಪಿಹೋಗುತ್ತದೆ. ಆಮೇಲೆ ಹುಡುಕಿದರೆ ಅಲ್ಲಿ ಏನೂ ಸಿಗುವುದಿಲ್ಲ. ಅವಳು ಮಾಡಿದ್ದು ಸರಿ ಅಂತ ನಿಮ್ಮ ಓದುಗರಿಗೆ ಅನ್ನಿಸಬೇಕು. ಹೇಗೆ ಅಂತ ನನಗೆ ಗೊತ್ತಿಲ್ಲ, ಲೇಖಕರು ನೀವು. ಬೇಗ ಬರೆದು ಕಳಿಸಿ.

ಮೇಧಾ


ಒನ್ ಟೌನ್, ವಿಜಯವಾಡ
1 ಮಾರ್ಚ್ 2025

ಚಿ. ಮೇಧಾ,

ಮಡಕೆಯ ವಿಷಯದಲ್ಲಿ ನೀನು ಗುರು, ಕಥೆಯ ವಿಷಯದಲ್ಲಿ ನನ್ನ ಮಾತು ಕೇಳು. ಏನೂ ಆಗದಿದ್ದರೆ ಅದೇನು ಕಥೆ? ಮುನ್ನೂರು ಪುಟ ಮದ್ದು ಅರೆದು ಕೊನೆಗೆ ಒಂದು ಪಟಾಕಿಯೂ ಸಿಡಿಯದಿದ್ದರೆ ಓದುಗ ಪುಸ್ತಕ ಎಸೆಯುತ್ತಾನೆ. ಕಾರಣವೇ ಇಲ್ಲದೆ ಹಿಂದೆ ಸರಿದರೆ ಜನ ಕೆಂಡವ್ವನನ್ನು ಏನಂತಾರೆ? ಪುಕ್ಕಲಿ ಅಂತಾರೆ. ನನ್ನ ಕೆಂಡವ್ವ ಪುಕ್ಕಲಿ ಅಲ್ಲ. ಅವಳು ಸುಟ್ಟುಕೊಂಡೇ ಸಾಯಲಿ, ಹೆಸರಾದರೂ ಉಳಿಯುತ್ತದೆ.

ಸಿಟ್ಟಾಗಬೇಡ. ಸುರಂಗದ ಅಧ್ಯಾಯ ತಿದ್ದಿ ಇದರ ಜೊತೆ ಇಟ್ಟಿದ್ದೇನೆ. ನೀರಿನ ಬಟ್ಟಲು ನಡುಗುವ ಜಾಗ ನೋಡು, ರಾಮ್‌ಪ್ರಸಾದರಿಗೆ ತೆಲುಗಿನಲ್ಲಿ ಓದಿ ಹೇಳಿದರೆ ಅವರು ತಮ್ಮ ಚಹದ ಲೋಟವನ್ನೇ ನೋಡುತ್ತ ಕೂತರು.

ಲಿಂಗರಾಜ ಮಾಮ


ಒನ್ ಟೌನ್, ವಿಜಯವಾಡ
19 ಮಾರ್ಚ್ 2025

ಮೇಧಾ,

ಹದಿನೆಂಟು ದಿನವಾಯಿತು. ಅಂಚೆಯವನು ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸುತ್ತಾನೆ. ಸುರಂಗದ ಅಧ್ಯಾಯ ಅಷ್ಟು ಕೆಟ್ಟದಾಗಿದೆಯೇ? ಕೆಟ್ಟದಾಗಿದ್ದರೆ ಬೈದು ಬರಿ, ನಿನ್ನ ಬೈಗುಳ ನನಗೆ ಅಭ್ಯಾಸವಾಗಿದೆ. ಫೋನ್ ಮಾಡಿದರೆ "ಚೆನ್ನಾಗಿದ್ದೀನಿ ಮಾಮಾ, ಆಮೇಲೆ ಮಾತಾಡ್ತೀನಿ" ಅಂತ ಇಡುತ್ತೀ. ಚೆನ್ನಾಗಿರುವವರು ಹಾಗೆ ಇಡುವುದಿಲ್ಲ.

ಇನ್ನೊಂದು ಲೆಕ್ಕ ನನಗೆ ತಾಳೆಯಾಗುತ್ತಿಲ್ಲ. ನೀನು ರಜೆ ಅಂದದ್ದು ಫೆಬ್ರವರಿ ಒಂಬತ್ತಕ್ಕೆ. ಇವತ್ತಿಗೂ ಮನೆಯಲ್ಲೇ ಇದ್ದೀ ಅಂತ ಲಕ್ಷ್ಮೀಪ್ರಸನ್ನ ನಿನ್ನೆ ಫೋನೆತ್ತಿದಾಗ ಬಾಯಿ ಜಾರಿ ಹೇಳಿದಳು. ಯಾವ ಕಾರ್ಖಾನೆ ಇಷ್ಟು ರಜೆ ಕೊಡುತ್ತದೆ? ನನ್ನ ಯಾವುದೋ ಮಾತು ನಿನಗೆ ತಾಗಿದೆ. ಯಾವುದು ಅಂತ ಹೇಳು. ದೊಡ್ಡವನಾದರೂ ತಪ್ಪು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮಾಮ


ಗಾಜುವಾಕ
24 ಮಾರ್ಚ್ 2025

ಮಾಮಾ,

ಸುರಂಗದ ಅಧ್ಯಾಯ ಚೆನ್ನಾಗಿದೆ. ಎರಡು ಸಲ ಓದಿದೆ.

ನಾನು ರಜೆಯಲ್ಲಿಲ್ಲ, ಸಸ್ಪೆಂಡ್ ಆಗಿದ್ದೇನೆ. ಫೆಬ್ರವರಿ ನಾಲ್ಕರಂದು ಥಿನ್ನರ್ ಟ್ಯಾಂಕಿನ ಪಕ್ಕದ ಪೈಪಿಗೆ ವೆಲ್ಡಿಂಗ್ ಆಗಬೇಕಿತ್ತು. ಆ ಪೈಪ್ ಸರಿಯಾದರೆ ಸಂಜೆಯ ಹೊತ್ತಿಗೆ ಮಾಲು ತುಂಬಿ ಬಂದರಿಗೆ ಕಳಿಸಬಹುದು, ಹಡಗು ಕಾಯುವುದಿಲ್ಲ. ವೆಲ್ಡರ್ ಅಶೋಕ ಮುಖಕ್ಕೆ ಗುರಾಣಿ ಹಾಕಿಕೊಂಡು ನಿಂತಿದ್ದ. ಗ್ಯಾಸ್ ಮೀಟರ್ ಸೊನ್ನೆ ತೋರಿಸುತ್ತಿತ್ತು. ನನಗೆ ಮಾತ್ರ ಥಿನ್ನರ್ ಸೋರಿದ ವಾಸನೆ ಬಂತು. ತೆಳ್ಳಗೆ, ಒಂದೇ ಒಂದು ಉಸಿರಿನಷ್ಟು. ಪರ್ಮಿಟ್ ಹರಿದು ಸೈರನ್ ಒತ್ತಿದೆ. ನಾನೂರು ಜನ ಬಿಸಿಲಿನಲ್ಲಿ ಎರಡು ಗಂಟೆ ಮೈದಾನದಲ್ಲಿ ನಿಂತರು. ಹುಡುಕಿದರು. ಏನೂ ಸಿಗಲಿಲ್ಲ. ಅಷ್ಟರಲ್ಲಿ ಸಮುದ್ರದ ಗಾಳಿ ಎದ್ದಿತ್ತು, ಇದ್ದದ್ದೂ ಹೋಗಿರಬಹುದು, ಇಲ್ಲದೆಯೂ ಇದ್ದಿರಬಹುದು. ಹಡಗು ಹೋಯಿತು. ಮ್ಯಾನೇಜರ್ ಎಲ್ಲರ ಮುಂದೆ "ಪಿರಿಕಿ" ಅಂದರು. ತೆಲುಗಿನಲ್ಲಿ ಪುಕ್ಕಲು ಅಂತ ಅರ್ಥ. ತಿಂಗಳು ತುಂಬುವುದರೊಳಗೆ ನೀವು ಅದನ್ನೇ ಕನ್ನಡದಲ್ಲಿ ಬರೆದಿರಿ. ನಿಮಗೆ ಗೊತ್ತಿರಲಿಲ್ಲ, ನಿಮ್ಮ ತಪ್ಪಲ್ಲ. ಆದರೂ ಅತ್ತುಬಿಟ್ಟೆ ಮಾಮಾ, ಬಹಳ ಅತ್ತುಬಿಟ್ಟೆ.

ಏಪ್ರಿಲ್ ಮೂರಕ್ಕೆ ವಿಚಾರಣೆ. ನಾನು ಮಾಡಿದ್ದು ಸರಿ ಅಂತ ಅಲ್ಲಿ ತೋರಿಸಬೇಕು. ಸ್ಫೋಟ ಆಗಿದ್ದರೆ ತೋರಿಸಬಹುದಿತ್ತು. ಆಗಲಿಲ್ಲವಲ್ಲ, ಏನು ತೋರಿಸಲಿ? ಕೆಲಸ ಹೋದರೆ ಮತ್ತೆ ಯಾರೂ ಸೇಫ್ಟಿಗೆ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಕೆಂಡವ್ವನ ಕೊನೆಯನ್ನು ನಿಮಗೆ ಕೇಳಿದ್ದು. ನಿಮಗೆ ಉತ್ತರ ಹೊಳೆದರೆ ಅದನ್ನು ನಾನು ಅಲ್ಲಿ ಹೋಗಿ ಹೇಳಬಹುದು ಅಂದುಕೊಂಡಿದ್ದೆ. ಹುಚ್ಚು ಯೋಚನೆ.

ಈ ಎರಡು ತಿಂಗಳಲ್ಲಿ ನನ್ನ ಕೆಲಸದ ಬಗ್ಗೆ ನನ್ನನ್ನು ಏನಾದರೂ ಕೇಳಿದವರು ನೀವೊಬ್ಬರೇ. ಸಿಟ್ಟಿಲ್ಲ.

ಮೇಧಾ


ಒನ್ ಟೌನ್, ವಿಜಯವಾಡ
27 ಮಾರ್ಚ್ 2025

ಮಗಳೇ,

ನನ್ನ ಬಾಯಿಗೆ ಗುಂಟೂರಿನ ಕಾಯಿ ಹಾಕಬೇಕು. ಬರೆದ ಆ ಒಂದು ಸಾಲಿಗಾಗಿ ನಿನ್ನೆಯಿಂದ ಊಟ ಸೇರುತ್ತಿಲ್ಲ. ತಪ್ಪಾಯಿತು.

ನೀನು ಮುಚ್ಚಿಟ್ಟದ್ದನ್ನು ಹೇಳಿದೆ, ನಾನೂ ಹೇಳುತ್ತೇನೆ. ಪ್ರಕಾಶಕರು ಹಸ್ತಪ್ರತಿ ವಾಪಸು ಕಳಿಸಿ ಫೆಬ್ರವರಿ ಹತ್ತಕ್ಕೇ ಕೈತೊಳೆದುಕೊಂಡರು. ಇಂಥ ಪುಸ್ತಕ ಈಗ ಓಡುವುದಿಲ್ಲವಂತೆ. ಅವತ್ತು ಎಲ್ಲ ಕಟ್ಟಿ ಅಟ್ಟಕ್ಕೆ ಎಸೆಯಬೇಕೆಂದಿದ್ದೆ. ನಾಲ್ಕು ದಿನಕ್ಕೆ ನಿನ್ನ ಎಂಟು ಪುಟ ಬಂತು, ಕವಣೆಯ ಚಿತ್ರ ಸಮೇತ. ಅದನ್ನು ಕಂಡು ಮತ್ತೆ ಪೆನ್ನು ಹಿಡಿದೆ. ನಿನಗೆ ಇದು ಬೇಕಾಗಿದೆ ಅನ್ನಿಸಿತು, ಯಾಕೆ ಅಂತ ಕೇಳುವ ಬುದ್ಧಿ ಮಾತ್ರ ಬರಲಿಲ್ಲ. ನಿನಗೋಸ್ಕರ ಬರೆಯುತ್ತಿದ್ದೇನೆ ಅಂತ ಬೀಗುತ್ತಿದ್ದೆ, ನೋಡಿದರೆ ನನಗೋಸ್ಕರ ನೀನು ಬರೆಯುತ್ತಿದ್ದೆ.

ಬ್ಯಾಂಕಿನಲ್ಲಿ ಪ್ರತಿ ಸಂಜೆ ನಾವಿಬ್ಬರು ಕೀಲಿ ತಿರುಗಿಸಿ, ಹಿಡಿಕೆ ಎಳೆದು ನೋಡಿ, ಪುಸ್ತಕದಲ್ಲಿ ಸಹಿ ಹಾಕುತ್ತೇವೆ. ಮೂವತ್ತು ವರ್ಷ. ಆಗದೇ ಉಳಿದ ಕಳ್ಳತನಕ್ಕೆ ನನಗೆ ಯಾರೂ ಶಾಲು ಹೊದಿಸಿಲ್ಲ. ಆದರೂ ನಾನು ಒಂದು ಸಂಜೆಯೂ ಹಿಡಿಕೆ ಎಳೆಯದೆ ಮನೆಗೆ ಬಂದವನಲ್ಲ. ಇದನ್ನೇ ಮಾಡಿಕೊಂಡು ಬದುಕಿದವನು ನಿನಗೆ "ಏನೂ ಆಗದಿದ್ದರೆ ಅದೇನು ಕಥೆ" ಅಂತ ಬರೆದೆನಲ್ಲ, ನನಗಿಂತ ದಡ್ಡ ಯಾರು?

ಕೊನೆಯ ಅಧ್ಯಾಯ ಹರಿದು ಹಾಕಿದ್ದೇನೆ. ಕೆಂಡವ್ವ ಸಾಯುವುದಿಲ್ಲ. ಗುರುತು ಹಾಕಿಕೊಡುವುದಿಲ್ಲ, ದಾಳಿ ತಪ್ಪುತ್ತದೆ, ರಾಜ ಸಭೆಯಲ್ಲಿ ನಿಲ್ಲಿಸಿ ಕೇಳುತ್ತಾನೆ. ಅವಳು ಏನು ಹೇಳುತ್ತಾಳೆ ಅಂತ ನನಗೆ ಹೊಳೆದಿಲ್ಲ, ಒಂದು ಸಾಲಿನಷ್ಟು ಜಾಗ ಖಾಲಿ ಬಿಟ್ಟಿದ್ದೇನೆ.

ಮೂರನೇ ತಾರೀಖು ಬೆಳಿಗ್ಗೆ ರತ್ನಾಚಲ್‌ ರೈಲಿಗೆ ಟಿಕೆಟ್ ಆಗಿದೆ. ಬೇಡ ಅನ್ನಬೇಡ, ರಾಮ್‌ಪ್ರಸಾದ್ ರಜೆ ಕೊಟ್ಟಾಗಿದೆ. ನನ್ನ ಕೀಲಿ ಅವರ ಸುಪರ್ದಿಗೆ ಬರೆದುಕೊಟ್ಟೇ ಬರುತ್ತೇನೆ. ಒಳಗೆ ಬಿಡದಿದ್ದರೆ ಗೇಟಿನ ಹತ್ತಿರ ಕೂರುತ್ತೇನೆ. ಅಕ್ಕನಿಗೆ ಹೇಳಿಲ್ಲ.

ಮಾಮ


ಗಾಜುವಾಕ
8 ಏಪ್ರಿಲ್ 2025

ಮಾಮಾ,

ಅವತ್ತು ನೀವು ರೈಲು ಹಿಡಿಯುವ ಗಡಿಬಿಡಿಯಲ್ಲಿ "ಕೆಲಸ ಉಳೀತು" ಅನ್ನುವುದಷ್ಟನ್ನೇ ಕೇಳಿಸಿಕೊಂಡು, ಬೀದಿಯಲ್ಲೇ ನನ್ನ ತಲೆ ನೇವರಿಸಿ ಆಟೋ ಹತ್ತಿದಿರಿ. ಒಳಗೆ ಏನಾಯಿತು ಅಂತ ಈಗ ಬರೆಯುತ್ತೇನೆ.

ಅದಕ್ಕೂ ಮೊದಲು ಗೇಟಿನ ಸುದ್ದಿ. ನೀವು ಮೂರು ಗಂಟೆ ಕೂತು ಕರಿಗಲ್ಲಗಡದ ಕಥೆಯನ್ನು ನಿಮ್ಮ ತೆಲುಗಿನಲ್ಲಿ ವಾಚ್‌ಮನ್‌ಗೆ ಹೇಳಿದಿರಂತೆ. ಸುರಂಗಕ್ಕೆ ಬೆಂಕಿ ಇಡುವಲ್ಲಿಗೆ ನಿಲ್ಲಿಸಿ ಎದ್ದು ಬಂದಿರಿ. ಈಗ ಆತ ನಾನು ಗೇಟು ದಾಟುವಾಗಲೆಲ್ಲ "ಮೇಡಂ, ಗೋಡ ಪಡಿಂದಾ?" ಅಂತ ಕೇಳುತ್ತಾನೆ. ಗೋಡೆ ಬಿತ್ತೋ ಇಲ್ಲವೋ ನೀವೇ ಬರೆದು ತಿಳಿಸಿ, ನನಗೆ ಒಳಗೆ ಹೋಗುವುದು ಕಷ್ಟವಾಗಿದೆ.

ಮೇಜಿನ ಆಚೆ ಮೂವರು ಕೂತಿದ್ದರು. ಮೀಟರ್ ಸೊನ್ನೆ ತೋರಿಸಿದ್ದನ್ನು, ಹುಡುಕಿದಾಗ ಏನೂ ಸಿಗದಿದ್ದನ್ನು ಓದಿದರು. ಎಲ್ಲಕ್ಕೂ ಹೌದು ಅಂದೆ. ಆಮೇಲೆ ದೊಡ್ಡವರು ಕನ್ನಡಕ ತೆಗೆದು ಕೇಳಿದರು, "ನೀವು ನಿಲ್ಲಿಸದೆ ಇದ್ದಿದ್ದರೆ ಏನಾಗುತ್ತಿತ್ತು?" ನಾನು ಕಲಿತುಕೊಂಡು ಹೋಗಿದ್ದೆಲ್ಲ ಮರೆತುಹೋಯಿತು. "ಗೊತ್ತಿಲ್ಲ ಸರ್. ಅದು ಯಾರಿಗೂ ಗೊತ್ತಾಗಬಾರದು ಅಂತಲೇ ನಿಲ್ಲಿಸಿದೆ" ಅಂದೆ. ಮತ್ತೆ ಅಂಥ ವಾಸನೆ ಬಂದರೆ ಏನು ಮಾಡುತ್ತೀರಿ ಅಂದರು. ನಿಲ್ಲಿಸುತ್ತೇನೆ ಅಂದೆ. ನಿಮ್ಮ ಖಾಲಿ ಸಾಲಿಗೆ ಇದು ಹೊಂದಿದರೆ ಕೆಂಡವ್ವನಿಗೆ ಕೊಡಿ.

ಕೊನೆಗೆ ಅಶೋಕನನ್ನು ಕರೆದರು. ಅವನು ನನಗಿಂತ ಹೆಚ್ಚು ಹೆದರಿದ್ದ, ಟೋಪಿ ಹಿಂಡುತ್ತ ನಿಂತಿದ್ದ. ನಿನಗೆ ವಾಸನೆ ಬಂದಿತ್ತಾ ಅಂತ ಕೇಳಿದರು. ಇಲ್ಲ ಅಂದ. ಅವನು ಮಾತು ನಿಲ್ಲಿಸಲಿಲ್ಲ. "ಆ ಸಾಯಂತ್ರಂ ನೇನು ಇಂಟಿಕಿ ವೆಳ್ಳಾನು ಸಾರ್. ಅನ್ನಂ ತಿನ್ನಾನು. ನಾಕು ತೆಲಿಸಿಂದಿ ಅದೇ." ಅವತ್ತು ಸಂಜೆ ಮನೆಗೆ ಹೋದೆ, ಊಟ ಮಾಡಿದೆ, ನನಗೆ ಗೊತ್ತಿರುವುದು ಅಷ್ಟೇ, ಅಂತ. ದೊಡ್ಡವರು ಅದನ್ನು ಹಾಗೆಯೇ ಬರೆದುಕೊಂಡರು.

ಒಂದು ಎಚ್ಚರಿಕೆ ಪತ್ರ ಕೊಟ್ಟಿದ್ದಾರೆ, ಮುಂದೆ ಸೈರನ್ ಒತ್ತುವ ಮೊದಲು ಮೇಲಿನವರಿಗೆ ಫೋನ್ ಮಾಡಬೇಕಂತೆ. ಅದರ ಜೊತೆಯಲ್ಲೇ ಹಳೆಯ ಕೆಲಸಕ್ಕೆ ಸೇರಿಸಿಕೊಂಡಿದ್ದಾರೆ. ಮ್ಯಾನೇಜರ್ ಇನ್ನೂ ಮುಖ ಕೊಟ್ಟು ಮಾತಾಡುತ್ತಿಲ್ಲ. ಮಾತಾಡದಿದ್ದರೆ ಬಿಡಲಿ.

ನಿನ್ನೆ ಸೋಮವಾರ ಡ್ಯೂಟಿಗೆ ಹೋದೆ. ಮೊದಲ ಪರ್ಮಿಟ್ ಅಶೋಕನದೇ, ಅದೇ ಟ್ಯಾಂಕಿನ ಪಕ್ಕ. ಅರ್ಜಿ ಕೊಡುವಾಗ ಅವನು ನಗಲಿಲ್ಲ, ನಾನೂ ನಗಲಿಲ್ಲ. ಎರಡು ಮೀಟರ್ ಇಟ್ಟು ನೋಡಿದೆ, ಸುತ್ತ ನಡೆದು ಮೂಸಿದೆ, ಮಂಡಿಯೂರಿ ಚರಂಡಿಯನ್ನೂ ಮೂಸಿದೆ. ಸಹಿ ಹಾಕಿದೆ. ಅವನು ಕಿಡಿ ಹಾರಿಸಿದ. ನಾನು ಕೊನೆಯವರೆಗೂ ಪಕ್ಕದಲ್ಲೇ ನಿಂತಿದ್ದೆ. ಐದು ಗಂಟೆಗೆ ಕೆಲಸ ಮುಗಿಯಿತು.

ಏನೂ ಆಗಲಿಲ್ಲ ಮಾಮಾ.

ನಿಮ್ಮ ಮೇಧಾ